ಒಂದೇ ಅಂಗಿಗೆ ಒಂದು ಮಾತು

ಸಾವೇ ಬಂದು ಬಾಗಿಲು ತಟ್ಟಿದರೂ ಸೂಜಿಯಕ್ಕ ಹೆದರುವವಳಲ್ಲ, "ಬಾರಪ್ಪ, ಮೊದಲು ಅಂಗಿ ತಿರುಗಿಸು, ಒಳಹೊಲಿಗೆ ನೋಡೋಣ" ಅನ್ನುತ್ತಾಳೆ ಎಂದು ಓಣಿಯವರು ಹೇಳಿ ನಗುತ್ತಿದ್ದರು. ಆ ನಗುವಿನಲ್ಲಿ ಸುಳ್ಳಿರಲಿಲ್ಲ. ಎದುರಿಗೆ ಯಾರೇ ಬರಲಿ, ಅವಳ ಕಣ್ಣು ಮುಖಕ್ಕೆ ಹೋಗುವ ಮೊದಲು ಬಟ್ಟೆಯ ಅಂಚಿಗೆ ಹೋಗುತ್ತಿತ್ತು. ಹೊಸ ಅಂಗಿ ತೊಟ್ಟು "ಹೇಗಿದೆ ಅಕ್ಕಾ?" ಎಂದವರ ತೋಳು ಹಿಡಿದು, ತುದಿ ಮಡಚಿ, ಒಳಗು ನೋಡಿ, "ಹೊರಗೆ ಥಳುಕು, ಒಳಗೆ ಹುಳುಕು" ಎಂದುಬಿಡುವಳು. ಒಂದು ಮದುವೆಯಲ್ಲಿ ಮದುಮಗನನ್ನೇ ಬದಿಗೆ ಕರೆದು, ಬಗಲಲ್ಲಿ ಬಿಟ್ಟಿದ್ದ ಹೊಲಿಗೆಯನ್ನು ನಿಂತಲ್ಲೇ ಹಾಕಿ, ದಾರವನ್ನು ಹಲ್ಲಲ್ಲಿ ಕಡಿದು, "ಈಗ ಹೋಗು, ಈಗ ನೀನು ಗಂಡಸು" ಎಂದು ಕಳಿಸಿದವಳು.

ಹೆಗಲ ಮೇಲೆ ರವಿಕೆಗೆ ಚುಚ್ಚಿಕೊಂಡ ಒಂದು ಸೂಜಿ, ಸೂಜಿಯಲ್ಲಿ ಒಂದು ಗೇಣು ದಾರ. ಇದು ಅವಳ ಮೈಮೇಲೆ ಸದಾ ಇರುತ್ತಿತ್ತು. ಬೇರೆಯವರು ಒಡವೆ ಹಾಕಿಕೊಂಡಂತೆ.

ಮನೆ ದೊಡ್ಡದೇನಲ್ಲ. ಓಣಿಯ ಕಡೆ ಕಿಟಕಿ ಇರುವ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ. ಹಿಂದಿನ ಕೋಣೆಯಲ್ಲಿ ಗಂಡನ ಮಗ್ಗ. ಗಂಡನನ್ನು ಎಲ್ಲರೂ ಲಾಳಿಯಣ್ಣ ಎನ್ನುತ್ತಿದ್ದರು. ಉದ್ದಕ್ಕೆ ಕಟ್ಟಿದ ಹಾಸಿನ ಎಳೆಗಳ ನಡುವೆ ಅಡ್ಡಕ್ಕೆ ಹೊಕ್ಕಿನ ನೂಲನ್ನು ಎಳೆದುಕೊಂಡು ಓಡುವ ಆ ದೋಣಿಯಾಕಾರದ ಲಾಳಿ ಅವನ ಕೈಬಿಟ್ಟು ಇದ್ದದ್ದನ್ನು ಯಾರೂ ಕಂಡಿರಲಿಲ್ಲ. ಮಾತು ಮಾತ್ರ ಬಲು ಕಡಿಮೆ. "ಆ ಮನೆಯಲ್ಲಿ ಅವಳ ಬಾಯಿ, ಅವನ ಮಗ್ಗ, ಎರಡೂ ನಿಂತವು ಅಂದ್ರೆ ಊಟದ ಹೊತ್ತಾಯ್ತು ಅಂತ ತಿಳ್ಕೋ" ಎಂಬುದು ಓಣಿಯ ಇನ್ನೊಂದು ಮಾತು. ಅವನು ನೇಯುವನು, ಅವಳು ಕತ್ತರಿಸುವಳು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಹಿಂದಿನ ಕೋಣೆಗೆ ಹೋಗುತ್ತಿದ್ದದ್ದು ಅವನನ್ನು ಊಟಕ್ಕೆ ಕರೆಯಲು ಅಷ್ಟೇ. ಅವಳ ಲೆಕ್ಕದಲ್ಲಿ ನೇಯ್ದದ್ದು ಬರೀ ಬಟ್ಟೆ. ಸೂಜಿ ತಾಗಿದ ಮೇಲೆಯೇ ಅದು ಅಂಗಿ.

ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದವರು ಮೇಷ್ಟ್ರು. ಶಾಲೆಯಿಂದ ನಿವೃತ್ತರಾಗಿ, ಯೇಸುವಿನ ಕತೆ ಹೇಳುವ ನಾಲ್ಕು ಹಳೆಯ ಪುಸ್ತಕಗಳನ್ನು ಮೂಲ ಗ್ರೀಕಿನಿಂದ ಆಡುಮಾತಿಗೆ ತರುತ್ತ ಕೂತಿದ್ದರು. ಅವರದೊಂದು ಪದ್ಧತಿ ಇತ್ತು. ಯಾವ ಕಸುಬಿನ ಮಾತು ಬಂದರೂ ಆ ಕಸುಬಿನವರನ್ನು ಕೇಳದೆ ಹಾಳೆಯ ಮೇಲೆ ಇಡುತ್ತಿರಲಿಲ್ಲ. ಬಲೆಯ ಮಾತು ಬಂದಾಗ ನದಿಯ ದಂಡೆಗೆ ನಡೆದರು. ಮೂಲೆಗಲ್ಲು ಬಂದಾಗ ಗಾರೆ ಕೆಲಸದವನ ಪಕ್ಕ ಮೂರು ದಿನ ಕೂತರು. "ನಿಘಂಟು ಹೇಳೋದು ನೆರೆಮನೆಯವರು ಹೇಳಿದ ಹಾಗೆ. ಕಸುಬಿನವರು ಹೇಳೋದು ಮನೆಯವರು ಹೇಳಿದ ಹಾಗೆ" ಎನ್ನುತ್ತಿದ್ದರು.

ಸೂಜಿಯಕ್ಕನ ಬಳಿಗೂ ಒಮ್ಮೆ ಬಂದಿದ್ದರು. ಸೂಜಿಯ ಕಣ್ಣಲ್ಲಿ ಒಂಟೆ ತೂರುವ ಮಾತು ಅಲ್ಲಿ ಬರುತ್ತದೆ.

"ಅಕ್ಕಾ, ಸೂಜಿಯ ಕಣ್ಣಲ್ಲಿ ಎಷ್ಟು ದಪ್ಪದ್ದು ತೂರೀತು?"

"ಸಂಜೆಯಾದ್ರೆ ನನ್ನ ದಾರಾನೇ ತೂರಲ್ಲ ಮೇಷ್ಟ್ರೇ. ಒಂಟೆ ಕೈಲಿ ಕನ್ನಡಕ ಕೊಟ್ಟು ಕಳಿಸಿ."

ಮೇಷ್ಟ್ರು ಬಿದ್ದು ಬಿದ್ದು ನಕ್ಕು, ಸೂಜಿಯನ್ನು ಸೂಜಿಯೆಂದೇ ಬರೆದುಕೊಂಡು ಹತ್ತಿ ಹೋದರು. ತನ್ನ ಸೂಜಿ ಅಷ್ಟು ದೊಡ್ಡ ಪುಸ್ತಕದಲ್ಲಿದೆ ಎಂದು ಅವಳು ಒಂದು ವಾರ ಓಣಿಯಲ್ಲಿ ಹೇಳಿಕೊಂಡು ತಿರುಗಿದಳು.

ಎರಡು ವರ್ಷದ ಮೇಲೆ ಮೇಷ್ಟ್ರು ಮತ್ತೆ ಇಳಿದು ಬಂದರು. ನಾಲ್ಕನೆಯ ಪುಸ್ತಕದ ಕೊನೆಯ ಹಾಳೆಗಳು. ಈ ಸಲ ಅವರ ಮುಖದಲ್ಲಿ ನಗು ಇರಲಿಲ್ಲ.

"ಯೇಸುವನ್ನ ಶಿಲುಬೆ ಮರಕ್ಕೆ ಏರಿಸಿದ ಮೇಲೆ, ನಾಲ್ಕು ಜನ ಸಿಪಾಯಿಗಳು ಅವನ ಬಟ್ಟೆ ಹಂಚಿಕೊಳ್ತಾರೆ ಅಕ್ಕಾ. ನಾಲ್ಕು ಪಾಲು. ಒಳಂಗಿ ಒಂದು ಉಳಿಯುತ್ತೆ. ಅದನ್ನ ಮಾತ್ರ ಹರಿಯಲ್ಲ, ಚೀಟಿ ಎತ್ತೋಣ ಅಂತಾರೆ. ಯಾಕೆ ಅನ್ನೋದಕ್ಕೆ ಇಲ್ಲೊಂದು ಪದ ಇದೆ. ಅರಫೊಸ್. ಹೊಲಿಗೆ ಇಲ್ಲದ್ದು ಅಂತ. ಅಂಥ ಅಂಗಿ ಇರೋಕೆ ಸಾಧ್ಯಾನಾ?"

ಸೂಜಿಯಕ್ಕ ಯಂತ್ರದ ಗಾಲಿಗೆ ಕೈ ಅಡ್ಡ ಕೊಟ್ಟು ನಿಲ್ಲಿಸಿದಳು. "ಹೊಲಿಗೆ ಇಲ್ಲದ ಅಂಗಿ? ಹೊದಿಕೆ ಅನ್ನಿ, ಒಪ್ತೀನಿ. ಅಂಗಿಗೆ ಹೆಗಲು ಬೇಕು, ಬಗಲು ಬೇಕು. ನಾಲ್ಕು ಕಡೆ ಕೂಡಿಸದೆ ಅಂಗಿ ಎಲ್ಲಿಂದ ಬರುತ್ತೆ? ಮರದಲ್ಲಿ ಬಿಡುತ್ತಾ?"

"ಅಂದ್ರೆ ಆಗಲ್ಲ ಅಂತೀರಾ?"

"ನನ್ನ ಕೈಗೆ ಆಗದ್ದು ಯಾರ ಕೈಗೂ ಆಗಲ್ಲ. ಒಳ್ಳೆ ಅಂಗಿ ಇತ್ತು, ಹರಿಯೋಕೆ ಮನಸ್ಸು ಬರಲಿಲ್ಲ. ಅಷ್ಟೇ ಬರೀರಿ."

ಮೇಷ್ಟ್ರು ತಲೆಯಾಡಿಸಿ ಹೋದರು. ಅವರ ಪದ್ಧತಿ ಪದ್ಧತಿಯೇ. ಕಸುಬಿನವಳು ಆಗದು ಎಂದ ಮೇಲೆ ಆ ಪದವನ್ನು ಹೊಡೆದುಹಾಕಿ, "ಬೆಲೆಯುಳ್ಳ ಅಂಗಿ" ಎಂದು ಬರೆದು, ಹಾಳೆಯನ್ನು ಅಚ್ಚಿನ ಮನೆಗೆ ಕಳಿಸಿದರು.

ಆ ಮಧ್ಯಾಹ್ನ ಊಟಕ್ಕೆ ಕೂತಾಗ ಸೂಜಿಯಕ್ಕ ಇದನ್ನೇ ರಸವತ್ತಾಗಿ ಹೇಳಿದಳು. ಲಾಳಿಯಣ್ಣ ತುತ್ತು ನುಂಗಿ, ನೀರು ಕುಡಿದು, ಲೋಟ ಕೆಳಗಿಟ್ಟ.

"ಆಗುತ್ತೆ," ಎಂದ.

"ಏನು ಆಗುತ್ತೆ?"

"ಹೊಲಿಗೆ ಇಲ್ಲದ ಅಂಗಿ. ನಮ್ಮಜ್ಜಿ ದಿಂಬಿನ ಚೀಲ ಹಾಗೇ ನೇಯ್ತಿದ್ದಳು. ಚೀಲಕ್ಕೆ ಹೆಗಲು ಕೊಟ್ರೆ ಅಂಗಿ."

ಅವಳ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಮೂವತ್ತೆಂಟು ವರ್ಷ ಯಾಕ್ರೀ ಹೇಳಲಿಲ್ಲ?"

"ನೀನು ಯಾವತ್ತು ಕೇಳಿದೆ?"

ಕೇಳಬೇಕಾಗಿದ್ದದ್ದು ಮಗ್ಗವನ್ನು, ಮೇಷ್ಟ್ರು ಕೇಳಿದ್ದು ಸೂಜಿಯನ್ನು. ಒಂದೇ ಸೂರಿನ ಕೆಳಗೆ ಹತ್ತು ಹೆಜ್ಜೆ ತಪ್ಪಿತ್ತು. ಸೂಜಿಯಕ್ಕ ಎಂಜಲು ಕೈಯಲ್ಲೇ ಮೆಟ್ಟಿಲು ಹತ್ತಿದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

"ಹಾಳೆ ಹೋಯ್ತಲ್ಲ ಅಕ್ಕಾ. ಇಪ್ಪತ್ತನೇ ದಿನಕ್ಕೆ ಕರಡು ತಿದ್ದೋಕೆ ಬರುತ್ತೆ. ಅವತ್ತು ತಿದ್ದಿದ್ರೆ ಉಂಟು, ಆಮೇಲೆ ಇಲ್ಲ."

"ಹಾಗಾದ್ರೆ ಅವತ್ತು ತಿದ್ದಿ."

"ಬೆಳಿಗ್ಗೆ ನೀವು ಆಗಲ್ಲ ಅಂದ್ರಿ, ಮಧ್ಯಾಹ್ನ ಅವರು ಆಗುತ್ತೆ ಅಂದ್ರು. ನಾನು ಯಾರ ಮಾತು ಹಿಡೀಲಿ? ಕಣ್ಣಾರೆ ಕಾಣಿಸಿ, ತಿದ್ತೀನಿ."

ಅವಳು ಮೆಟ್ಟಿಲಿಳಿದಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಬೇರೆಯವರಿಗೆ ಹೇಳುತ್ತಿದ್ದವಳು ತಾನು. ಯಾರೋ ಕಣ್ಣಲ್ಲಿ ಕಂಡು ಬರೆದಿಟ್ಟ ಒಂದು ಪದ, ಅಷ್ಟು ಕಾಲ, ಅಷ್ಟು ಕೈ ದಾಟಿ ಈ ಓಣಿಯವರೆಗೂ ಬಂದಿತ್ತು. ತನ್ನ ಕಿಟಕಿಯ ಬಳಿ ಬಂದು, ತನ್ನ ಒಂದು ಜಂಬದ ಮಾತಿಗೆ ಸತ್ತಿತು.

ಮರುದಿನವೇ ಲಾಳಿಯಣ್ಣ ಮಗ್ಗಕ್ಕೆ ಹಾಸು ಏರಿಸಿದ. ಬಿಳಿ ನೂಲು, ಒಂದರ ಕೆಳಗೊಂದು ಎರಡು ಪದರ. ಕಾಲಡಿ, ತುಳಿದರೆ ಎಳೆ ಎತ್ತುವ ನಾಲ್ಕು ಹಲಗೆ: ಎರಡು ಮೇಲಿನ ಪದರಕ್ಕೆ, ಎರಡು ಕೆಳಗಿನದಕ್ಕೆ. ಲಾಳಿ ಮೇಲಿನ ಪದರದಲ್ಲಿ ಎಡದಿಂದ ಬಲಕ್ಕೆ ಹೋಗಬೇಕು, ಕೆಳಗಿನದರಲ್ಲಿ ಬಲದಿಂದ ಎಡಕ್ಕೆ ಬರಬೇಕು. ಹೀಗೆ ಒಂದೇ ಎಳೆ ಸುತ್ತಿ ಸುತ್ತಿ ಬಂದರೆ ಬದಿಯಲ್ಲಿ ಕೂಡಿಸುವ ಕೆಲಸವೇ ಇಲ್ಲ. ಹೆಗಲಿಗೆ ಮೊದಲು ನಾಲ್ಕು ಬೆರಳಷ್ಟು ಎರಡೂ ಪದರ ಸೇರಿಸಿ ನೇಯುವುದು, ಕತ್ತಿನಷ್ಟು ನಡುವೆ ಬಿಡುವುದು. ತೋಳು ಹೊರಬರುವಲ್ಲಿ ಒಂದೂವರೆ ಗೇಣು, ಎರಡು ಲಾಳಿ ಹಿಡಿದು ಪದರಗಳನ್ನು ಬೇರೆ ಬೇರೆ ನೇಯುವುದು. ಆಮೇಲೆ ಒಂದೇ ಲಾಳಿ, ಪಾದದವರೆಗೆ.

"ಮೇಲಿಂದ ಶುರು ಮಾಡ್ತೀರಾ?" ಎಂದು ಮೇಷ್ಟ್ರು ಬಾಗಿಲಲ್ಲಿ ನಿಂತು ಕೇಳಿದರು.

"ಹೆಗಲು ಮೊದಲು ಸರಿ ಹೋಗಬೇಕಲ್ಲ. ಅಲ್ಲಿ ತಪ್ಪಿದ್ರೆ ಕೆಳಗೆ ನೇಯ್ದೂ ದಂಡ."

ಮೇಷ್ಟ್ರು ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಆ ಪದದ ಪಕ್ಕದಲ್ಲೇ ಬರೆದಿದೆ," ಎಂದರು ಮೆಲ್ಲಗೆ. "ಮೇಲಿನಿಂದ ಪೂರ್ತಿಯಾಗಿ ನೇಯ್ದದ್ದು ಅಂತ. ಅದು ಅಲಂಕಾರದ ಮಾತು ಅಂದುಕೊಂಡಿದ್ದೆ ನಾನು."

ಒಂದೇ ತೊಡಕು. ಒಂದು ಹಲಗೆ ತಪ್ಪಿ ತುಳಿದರೆ ಮೇಲಿನ ಪದರ ಕೆಳಗಿನದಕ್ಕೆ ಅಂಟಿಕೊಳ್ಳುತ್ತದೆ. ಕೂತವನಿಗೆ ಕೆಳಗಿನ ಪದರ ಕಾಣುವುದಿಲ್ಲ. ಮಗ್ಗದಿಂದ ಕತ್ತರಿಸಿ ತೆಗೆದ ಮೇಲೆಯೇ ಗೊತ್ತಾಗುವುದು. ಅದಕ್ಕೇ ಸೂಜಿಯಕ್ಕ ಮಗ್ಗದಡಿ ಚಾಪೆ ಹಾಸಿ ಅಂಗಾತ ಮಲಗಿದಳು. ಕೈಯಲ್ಲೊಂದು ಕನ್ನಡಿ, ಕಿಟಕಿಯ ಬಿಸಿಲನ್ನು ಹಿಡಿದು ಕೆಳಗಿನ ಪದರದ ಮೇಲೆ ಬಿಡಲು.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತಿದ್ದೆಯಲ್ಲ. ಈಗ ನೀನೇ ಹಿಡ್ಕೊಂಡು ಮಲಗಿದೀಯ," ಎಂದ ಲಾಳಿಯಣ್ಣ.

"ಮಾತು ಬಂತಲ್ಲ ನಿಮಗೆ! ಎಡಕ್ಕೆ ಒಂದು ಎಳೆ ಬಿಟ್ರಿ. ನೋಡಿ ತುಳೀರಿ."

"ಎಲ್ಲಿ?"

"ನನ್ನ ಮೂಗಿನ ನೇರಕ್ಕೆ."

"ನಿನ್ನ ಮೂಗು ನನಗೆ ಕಾಣ್ತಿದ್ರೆ ನೀನು ಅಲ್ಲಿ ಯಾಕೆ ಮಲಗಬೇಕಿತ್ತು?"

ಓಣಿಯವರು ಕಿಟಕಿಯಲ್ಲಿ ಇಣುಕಿ, ಮುದುಕ ಮುದುಕಿಗೆ ಹೊಸ ಪ್ರಾಯ ಬಂದಿದೆ ಎಂದು ಆಡಿಕೊಂಡರು. ಸೂಜಿಯಕ್ಕನಿಗೆ ಅದು ಕೇಳಿಸುತ್ತಿರಲಿಲ್ಲ. ಮುಖದ ಮೇಲೆ ಒಂದು ಮೊಳ ಎತ್ತರದಲ್ಲಿ, ಗೆರೆಗೆ ಗೆರೆ ಸೇರುತ್ತ, ಬಟ್ಟೆ ಹುಟ್ಟುತ್ತಿತ್ತು. ಅಂಚಿನಲ್ಲಿ ಎಳೆ ಮರೆಯಾಗುತ್ತಿತ್ತು, ಮೇಲೆಲ್ಲೋ ಹೋಗಿ ಇನ್ನೊಂದು ಅಂಚಿನಲ್ಲಿ ಮತ್ತೆ ಇಳಿದು ಬರುತ್ತಿತ್ತು. ಇಷ್ಟು ವರ್ಷ ಅವಳ ಕೈಗೆ ಬಂದದ್ದು ಸತ್ತ ಬಟ್ಟೆ, ಮಡಚಿ ಇಟ್ಟದ್ದು. ಉಸಿರಾಡುವ ಬಟ್ಟೆಯನ್ನು ಅವಳು ಕಂಡದ್ದು ಇದೇ ಮೊದಲು. ಹತ್ತು ಹೆಜ್ಜೆ ಆಚೆ ದಿನಾ ಇದು ನಡೆಯುತ್ತಿತ್ತಲ್ಲ, ನಾನು ಊಟಕ್ಕೆ ಕರೆದು ಹೊರಟುಬಿಡುತ್ತಿದ್ದೆನಲ್ಲ ಎಂದುಕೊಂಡಾಗ ಕನ್ನಡಿ ವಾಲಿ ಬಿಸಿಲು ಗೋಡೆಗೆ ಹಾರಿತು.

"ಬೆಳಕು," ಎಂದ ಲಾಳಿಯಣ್ಣ.

"ಬಂತು, ಬಂತು."

ಹತ್ತನೆಯ ದಿನ ಅಂಗಿ ಮಗ್ಗದಿಂದ ಇಳಿಯಿತು. ಸೂಜಿಯಕ್ಕ ಕೆಳಗಿನಿಂದ ಕೈ ತೂರಿಸಿದಳು. ಕೈ ಹೋಯಿತು. ಎಲ್ಲೂ ಅಂಟಿರಲಿಲ್ಲ. ಕತ್ತಿನಲ್ಲಿ ಬೆರಳು ಹೊರಬಂದವು. ಅದನ್ನೆತ್ತಿಕೊಂಡು ಹೊಸ್ತಿಲ ಮೇಲೆ ಬಿಸಿಲಿಗೆ ಕೂತು, ಒಳಗನ್ನು ಹೊರಗೆ ಮಾಡಿದಳು. ಹೊರಗನ್ನು ಒಳಗೆ ಮಾಡಿದಳು. ಎರಡೂ ಒಂದೇ! ಅರವತ್ತರ ಬೆರಳು ಬಟ್ಟೆಯ ಸುತ್ತ ಹೋಗುತ್ತಿತ್ತು, ಹೋಗುತ್ತಲೇ ಇತ್ತು. ನಿಲ್ಲಲು ಜಾಗ ಸಿಗಲಿಲ್ಲ. ಇಡೀ ಜನ್ಮ ಆ ಬೆರಳು ಹೊಲಿಗೆ ಸಿಕ್ಕಲ್ಲಿ ನಿಂತು, ಇಲ್ಲಿ ಶುರು, ಇಲ್ಲಿ ಮುಗಿಯಿತು ಎಂದು ತಿಳಿದುಕೊಳ್ಳುತ್ತಿತ್ತು. ಶುರುವೂ ಇಲ್ಲದ, ಮುಗಿಯದ ಬಟ್ಟೆಯ ಮುಂದೆ ಅದು ಮಗುವಾಗಿಬಿಟ್ಟಿತು.

ಆಗಲೇ ಎದುರು ಮನೆಯ ಇಸ್ತ್ರಿಯವನು ಬಂದು ನಿಂತ. ಅವನಿಗೆ ತೋರಿಸಿದಳು, ಹೇಳಿದಳು, ಸಿಪಾಯಿಗಳ ಕತೆ ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದಳು. ಅಷ್ಟರಲ್ಲಿ ಮೇಷ್ಟ್ರು ಇಳಿದು ಬಂದರು. ಬಟ್ಟೆಯ ಒಳಗೆ ಕೈ ಇಟ್ಟರು. ಕೈ ಹೆಗಲು ದಾಟಿ, ಕತ್ತಿಗೆ ಬಂದು, ಅಲ್ಲೇ ನಿಂತಿತು.

"ಅಕ್ಕಾ... ಇದೇನು?"

ಕತ್ತಿನ ಸುತ್ತ ಹಾಸಿನ ಬಿಡಿ ಎಳೆಗಳು ಉಳಿದಿದ್ದವು. ಅವನ್ನು ಬೆರಳಲ್ಲಿ ಗಂಟು ಹಾಕಿ ಬಿಡಬೇಕಿತ್ತು. ಈಗ ಕತ್ತಿನ ಮುಂಭಾಗದಲ್ಲಿ ಎಳೆಗಳಿರಲಿಲ್ಲ. ಒಳಕ್ಕೆ ಮಡಚಿ, ಎಣಿಸಿದಂತೆ ಇಪ್ಪತ್ತೆರಡು ಹೊಲಿಗೆ, ಇರುವೆಯ ಸಾಲಿನಷ್ಟು ಸಣ್ಣಗೆ, ನೇರವಾಗಿ. ಸೂಜಿಯಕ್ಕ ಹೆಗಲು ಮುಟ್ಟಿಕೊಂಡಳು. ಸೂಜಿ ಅಲ್ಲಿರಲಿಲ್ಲ, ಕೈಯಲ್ಲಿತ್ತು. ಬಾಯಿ ಇಸ್ತ್ರಿಯವನಿಗೆ ಹೊಲಿಗೆಯಿಲ್ಲದ ಅಂಗಿಯ ಕತೆ ಹೇಳುತ್ತಿದ್ದಾಗ ಕೈ ಅದನ್ನು ಹೊಲಿದು ಮುಗಿಸಿತ್ತು.

ಹಿಂದಿನ ಕೋಣೆಯಿಂದ ಬಂದು ನೋಡಿದ ಲಾಳಿಯಣ್ಣ ನಕ್ಕುಬಿಟ್ಟ. ಅವನು ಅಷ್ಟು ಜೋರಾಗಿ ನಕ್ಕದ್ದನ್ನು ಓಣಿ ಕೇಳಿರಲಿಲ್ಲ. ನಾಲ್ಕು ಬಾಗಿಲು ತೆರೆದವು.

"ಬಿಚ್ಚಿದ್ರಾಯ್ತು ಬಿಡಿ ಅಕ್ಕಾ," ಎಂದರು ಮೇಷ್ಟ್ರು. "ಯಾರಿಗೆ ಕಾಣುತ್ತೆ?"

"ದಾರ ಬಿಚ್ಚಬಹುದು ಮೇಷ್ಟ್ರೇ. ಸೂಜಿ ಹೋದ ದಾರಿ ಬಿಚ್ಚೋಕಾಗುತ್ತಾ? ಕಣ್ಣಾರೆ ಕಾಣಿಸಿ ಅಂದ್ರಲ್ಲ, ಕಂಡವಳು ನಾನಿದ್ದೀನಿ. ಒಂದು ಸಲ ನನ್ನ ಬಾಯಿ ಆ ಮಾತನ್ನ ಕೊಂದಿತು. ಈಗ ಕೈ. ಇನ್ನೊಂದು ನೇಯೋಣ."

ಉಳಿದದ್ದು ಒಂಬತ್ತು ದಿನ. ಸೂಜಿಯಕ್ಕ ಮನೆಯಲ್ಲಿದ್ದ ಸೂಜಿಗಳನ್ನೆಲ್ಲ, ಹೆಗಲಿನದೂ ಸೇರಿ, ಡಬ್ಬಿಗೆ ಹಾಕಿ ಇಸ್ತ್ರಿಯವನ ಕೈಗಿತ್ತಳು. "ತಮ್ಮಾ, ಒಂಬತ್ತು ದಿನ ನಾನು ಕೇಳಿದ್ರೂ ಕೊಡಬೇಡ. ಅತ್ತು ಕೇಳಿದ್ರೂ ಕೊಡಬೇಡ."

ಮೂರನೇ ದಿನ ಅವನ ಬಾಗಿಲಲ್ಲಿ ನಿಂತಿದ್ದಳು. "ಒಂದೇ ಒಂದು ಗುಂಡಿ ಕಣಪ್ಪಾ. ಇಲ್ಲೇ ಹಾಕಿ ಇಲ್ಲೇ ಕೊಡ್ತೀನಿ."

"ಊಹೂಂ."

"ಅಕ್ಕ ಅಂತೀಯ, ಇಷ್ಟೂ ನಂಬಿಕೆ ಇಲ್ವಾ?"

"ಅಕ್ಕನ ಮೇಲಿದೆ. ಅಕ್ಕನ ಕೈ ಮೇಲಿಲ್ಲ."

ಮಗ್ಗ ಬೆಳಗಿನಿಂದ ಸೂರ್ಯ ಇಳಿಯುವವರೆಗೆ ಓಡಿತು. ಲಾಳಿಯಣ್ಣನ ಮೊಣಕಾಲು ಊದಿತು. ಆರನೆಯ ದಿನದಿಂದ ಕೂತವನು ಕೈ ಆಡಿಸಿದ, ಅವಳು ಕೆಳಗಿನಿಂದ ಅವನ ಪಾದ ಹಿಡಿದು ಹಲಗೆಯಿಂದ ಹಲಗೆಗೆ ಇಟ್ಟಳು. ಮೇಲೆ, ಕೆಳಗೆ, ಮೇಲೆ, ಕೆಳಗೆ. ಇಪ್ಪತ್ತನೆಯ ದಿನ ಬೆಳಿಗ್ಗೆ ಎರಡನೆಯ ಅಂಗಿ ಇಳಿಯಿತು. ಕತ್ತಿನ ಎಳೆಗಳನ್ನು ಅವಳು ಒಂದೊಂದಾಗಿ ಬೆರಳಲ್ಲೇ ಗಂಟು ಹಾಕಿದಳು. ಒಂದು ಮಾತೂ ಆಡಲಿಲ್ಲ. ಅವಳು ಬಾಯಿ ಮುಚ್ಚಿ ಮಾಡಿದ ಕೆಲಸ ಅದೊಂದೇ ಎಂದು ಓಣಿಯವರು ಆಮೇಲೆ ಹೇಳುತ್ತಿದ್ದರು.

ಮೇಷ್ಟ್ರು ಕರಡು ಹಾಳೆಯನ್ನು ಹೊಲಿಗೆ ಯಂತ್ರದ ಹಲಗೆಯ ಮೇಲೆ ಹರಡಿದರು. "ಬೆಲೆಯುಳ್ಳ" ಎಂಬುದನ್ನು ಹೊಡೆದು, ಮೇಲೆ ಬರೆದರು: ಹೊಲಿಗೆಯಿಲ್ಲದ. ಬರೆದ ಮೇಲೂ ಅವರು ಏಳಲಿಲ್ಲ.

"ಅಕ್ಕಾ, ಇನ್ನೊಂದು ಹೇಳ್ತೀನಿ. ಅರಫೊಸ್ ಅನ್ನೋದರಲ್ಲಿ ಮೊದಲ ಅಕ್ಷರ 'ಇಲ್ಲ' ಅನ್ನೋಕೆ, ನಾವು ಅಸಾಧ್ಯ, ಅಶಾಂತಿ ಅಂತೀವಲ್ಲ, ಹಾಗೇ. ಉಳಿದದ್ದು ಹೊಲಿಯೋ ಮಾತು. ಒಂಟೆ ಕತೆಯ ಸೂಜಿಗೆ ಅವರು ರಫಿಸ್ ಅಂತಾರೆ. ಅದೂ ಈ ಹೊಲಿಯೋ ಮಾತಿನ ಮಗಳೇ. ಹೊಲಿಗೆ ಇಲ್ಲ ಅನ್ನೋಕೂ ಹೊಲಿಗೆಯನ್ನೇ ಕರೆದುಕೊಂಡು ಬರಬೇಕಾಯ್ತು ಅವರಿಗೆ."

"ಆ ಪದ ಇನ್ನೆಲ್ಲಿ ಬರುತ್ತೆ?"

"ಎಲ್ಲೂ ಇಲ್ಲ. ಅವನ ಕತೆ ಹೇಳೋ ನಾಲ್ಕು ಪುಸ್ತಕ, ಆಮೇಲಿನ ಶಿಷ್ಯರ ಕಾಗದಗಳು, ಎಲ್ಲ ಸೇರಿ ಇದೊಂದೇ ಸಲ. ಈ ಅಂಗಿಗೆ ಮಾತ್ರ."

"ಒಂದೇ ಅಂಗಿಗೆ ಒಂದು ಮಾತು," ಎಂದಳು ಸೂಜಿಯಕ್ಕ. ಅಂಗಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ನೇಯ್ದವರು ಯಾರು?"

"ಬರೆದಿಲ್ಲ."

"ಯಾರೋ ಒಬ್ಬಳು ಕೆಳಗೆ ಬಗ್ಗಿ ನೋಡಿರಬೇಕು ಮೇಷ್ಟ್ರೇ. ನೋಡದೆ ಇದು ಆಗಲ್ಲ." ಅವಳು ಬಟ್ಟೆಯ ಮೇಲೆ ಅಂಗೈ ಇಟ್ಟಳು. "ಆ ಸಿಪಾಯಿಗಳನ್ನ ನೋಡಿ. ಮೊಳೆ ಹೊಡೆದ ಕೈಗಳು. ಮನುಷ್ಯನನ್ನ ಕಂಡು ನಿಲ್ಲಲಿಲ್ಲ. ಆದ್ರೆ ಇದನ್ನ ಹಿಡಿದಾಗ ಎಲ್ಲಿ ಹರಿಯೋದು ಅಂತ ಹುಡುಕಿದ್ದಾರೆ, ಹೊಲಿಗೆ ಸಿಗಲಿಲ್ಲ. ಅವಳು, ಆ ನೇಯ್ದವಳು, ಅಷ್ಟು ದೂರದಿಂದ ಅವರ ಕೈ ಹಿಡಿದು ನಿಲ್ಲಿಸಿಬಿಟ್ಟಳು."

ಮೇಷ್ಟ್ರು ಹಾಳೆಯ ಮೇಲಿನ ಶಾಯಿಯನ್ನು ಊದಿ ಆರಿಸಿದರು. ಅವಳ ಬಾಯಿ ನಿಂತಿತ್ತು, ಹಿಂದಿನ ಕೋಣೆಯಲ್ಲಿ ಮಗ್ಗವೂ ನಿಂತಿತ್ತು. ಊಟದ ಹೊತ್ತು ಇನ್ನೂ ಆಗಿರಲಿಲ್ಲ.

ಅದಾದ ಮೇಲೆ ಸೂಜಿಯಕ್ಕ ಏಳು ವರ್ಷ ಹೊಲಿದಳು. ಬಾಯಿ ಹಾಗೇ ಇತ್ತು, ಅಂಚು ಮಡಚಿ ನೋಡುವುದೂ ಹಾಗೇ. ಕತ್ತರಿ ಇಡುವ ಮೊದಲು ಮಾತ್ರ ಬಟ್ಟೆಯ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ನಿಲ್ಲುತ್ತಿದ್ದಳು, ಅಪ್ಪಣೆ ಕೇಳುವವಳಂತೆ. ದಿನಕ್ಕೊಮ್ಮೆ, ಕೆಲಸವಿಲ್ಲದಿದ್ದರೂ, ಹಿಂದಿನ ಕೋಣೆಗೆ ಹೋಗಿ ಮಗ್ಗದ ಪಕ್ಕ ಕೂರುತ್ತಿದ್ದಳು. ಎರಡನೆಯ ಅಂಗಿ ಪೆಟ್ಟಿಗೆಯಲ್ಲಿತ್ತು. ಗಾಜಿನ ಚೌಕಟ್ಟಿಗೆ ಹಾಕೋಣ ಎಂದ ಮೇಷ್ಟ್ರಿಗೆ, "ಅಂಗಿಗೆ ಉಸಿರು ಕಟ್ಟುತ್ತೆ" ಎಂದಿದ್ದಳು. ಮೊದಲನೆಯದನ್ನು, ಆ ಇಪ್ಪತ್ತೆರಡು ಹೊಲಿಗೆಯದನ್ನು, ಮನೆಯಲ್ಲಿ ತೊಟ್ಟು ತೊಟ್ಟು ಮೆತ್ತಗೆ ಮಾಡಿಕೊಂಡಿದ್ದಳು.

ಎದೆಯ ನೋವು ಬಂದ ಮೂರನೆಯ ದಿನ ಬೆಳಿಗ್ಗೆ ಆಸ್ಪತ್ರೆಗೆ ಹೋಗುವುದೆಂದಾಯಿತು. ಓಣಿಯ ತುದಿಯಲ್ಲಿ ಗಾಡಿ ನಿಂತಿತ್ತು. ಲಾಳಿಯಣ್ಣ ಪೆಟ್ಟಿಗೆ ತೆರೆದು ಎರಡನೆಯ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದ. "ಇದು ಹಾಕ್ಕೋ."

ಅವಳು ತೊಟ್ಟದ್ದು ಮೊದಲನೆಯದು. ಕತ್ತಿನ ಹೊಲಿಗೆಯ ಮೇಲೆ ಬೆರಳಾಡಿಸಿದಳು. "ಅದು ಆ ಮಾತಿನ ಅಂಗಿ ರೀ, ಇರಲಿ. ಇದು ನನ್ನದು. ಇದರಲ್ಲಿ ನನ್ನ ತಪ್ಪಿದೆ."

ಒಂದು ತೋಳು ಮೇಷ್ಟ್ರು ಹಿಡಿದರು, ಇನ್ನೊಂದು ಇಸ್ತ್ರಿಯವನು. ಹೊಸ್ತಿಲ ಬಳಿ ಅವಳು ನಿಂತಳು. ಮೇಷ್ಟ್ರ ತೋಳಿನ ತುದಿಯನ್ನು ಹೆಬ್ಬೆರಳಿನಿಂದ ಮಡಚಿ ಒಳಗೆ ನೋಡಿದಳು.

"ಎರಡು ಹೊಲಿಗೆ ಬಿಟ್ಟಿದೆ. ಪುಸ್ತಕ ಬರೆಯೋರು ಹೀಗಾ ತಿರುಗೋದು? ಬಂದು ಹಾಕ್ಕೊಡ್ತೀನಿ."

ಬಾಗಿಲುಗಳಲ್ಲಿ ನಿಂತಿದ್ದ ಓಣಿಯವರು ನಕ್ಕರು. ಅವಳು ಹೆಗಲಿನ ಸೂಜಿಯನ್ನು ತೆಗೆದಳು, ದಾರವನ್ನು ಅದರ ಸುತ್ತ ಮೂರು ಸುತ್ತು ಸುತ್ತಿದಳು, ಗಂಡನ ಅಂಗೈಯಲ್ಲಿಟ್ಟು ಅವನ ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ಕಳೀಬೇಡಿ," ಎಂದಳು. ಹೊಸ್ತಿಲು ದಾಟಿದಳು.